ಹೊಟ್ಟೆಯೊಳಗಿನ ಹಟಮಾರಿ

1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಮೂವತ್ತೆರಡರ ವೈದ್ಯರು ಬ್ಯಾಕ್ಟೀರಿಯಾ ತುಂಬಿದ ಬಗ್ಗಡದಂಥ ದ್ರವವನ್ನು ಕುಡಿದುಬಿಟ್ಟರು. ಹೆಂಡತಿಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಅವರು ಕುಡಿಯಲು ಬಿಡುತ್ತಿದ್ದರೇ? ಕೆಲವೇ ದಿನಗಳಲ್ಲಿ ವಾಂತಿ, ಬಾಯಿಯ ದುರ್ವಾಸನೆ ಶುರುವಾಯಿತು. ಎರಡು ವಾರದೊಳಗೆ ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರ ಊದಿಕೊಂಡಿತ್ತು. ಚಿಂತೆ, ಖಾರ, ಆಮ್ಲಗಳೇ ಹೊಟ್ಟೆಹುಣ್ಣಿಗೆ ಕಾರಣವೆಂದು ನಂಬಿದ್ದ ವೈದ್ಯಲೋಕ ನಿಧಾನವಾಗಿ ಮನಸ್ಸು ಬದಲಿಸಿತು. 2005ರಲ್ಲಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ ನೊಬೆಲ್ ಬಂತು.

ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಬಹುಪಾಲು ಜನರಿಗೆ ಇದು ಅಂಟುವುದು ಬಾಲ್ಯದಲ್ಲಿ, ಹೆಚ್ಚಾಗಿ ಮನೆಯವರಿಂದಲೇ. ಅನೇಕರಿಗೆ ಅದು ಹೊಟ್ಟೆಯಲ್ಲಿರುವುದೇ ತಿಳಿಯುವುದಿಲ್ಲ. ಕೆಲವರಿಗೆ ಹುಣ್ಣು, ಇನ್ನು ಕೆಲವರಿಗೆ ದಶಕಗಳ ನಂತರ ಜಠರದ ಕ್ಯಾನ್ಸರ್.

ಸಿಡುಬು ಒಮ್ಮೆ ಬಂದು ಹೋದರೆ ದೇಹ ಅದನ್ನು ಮರೆಯುವುದಿಲ್ಲ. ಪೈಲೋರಿಯ ವಿಷಯ ಹಾಗಲ್ಲ. ದೇಹ ಇದನ್ನು ಗುರುತಿಸುತ್ತದೆ, ರಕ್ತದಲ್ಲಿ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಆದರೂ ಚಿಕಿತ್ಸೆ ಕೊಡದಿದ್ದರೆ ಈ ಜೀವಿ ಸಾಮಾನ್ಯವಾಗಿ ಸಾಯುವವರೆಗೂ ಜೊತೆಗಿರುತ್ತದೆ. ಪೊಲೀಸರಿಗೆ ಕಳ್ಳನ ವಿಳಾಸ ಗೊತ್ತು, ಹಿಡಿಯಲಾಗುತ್ತಿಲ್ಲ! ಅದು ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ಸುತ್ತಲಿನ ಆಮ್ಲವನ್ನು ಶಮನಗೊಳಿಸುತ್ತದೆ, ಜಠರದ ಲೋಳೆಯಲ್ಲಿ ಅಡಗುತ್ತದೆ. ಸಾಲದ್ದಕ್ಕೆ ಮೈಮೇಲೆ ನಮ್ಮ ಜೀವಕೋಶಗಳಲ್ಲಿರುವಂಥದೇ ಸಕ್ಕರೆಯ ವೇಷ.

ಹಾಗಾದರೆ ಲಸಿಕೆ ಏನು ಮಾಡೀತು? ಇಲಿಗಳಲ್ಲಿ ನಡೆದ ಪ್ರಯೋಗಗಳು ಅಚ್ಚರಿ ಹುಟ್ಟಿಸಿದವು. ಪ್ರತಿಕಾಯಗಳನ್ನೇ ತಯಾರಿಸಲಾಗದ ಇಲಿಗಳಿಗೂ ಲಸಿಕೆಯಿಂದ ರಕ್ಷಣೆ ಸಿಕ್ಕಿತು. ಅಲ್ಲಿ ಮುಖ್ಯ ಪಾತ್ರ ಬಿಳಿರಕ್ತಕಣಗಳಲ್ಲೊಂದು ಬಗೆಯಾದ ಟಿ ಕೋಶಗಳದು. ಆದರೆ ಅವು ಕೆಲಸ ಮಾಡುವಾಗ ಜಠರದಲ್ಲಿ ಉರಿಯೂತವೂ ಕಾಣಿಸಿಕೊಳ್ಳುತ್ತಿತ್ತು. ಮಕ್ಕಳಿಗೆ ಕೊಡುವ ಲಸಿಕೆಯಲ್ಲಿ ಇದು ಸಣ್ಣ ಮಾತಲ್ಲ.

ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಯೂರಿಯೇಸಿನ ಒಂದು ತುಣುಕಿನಿಂದ ಮಾಡಿದ, ಕುಡಿಯುವ ಲಸಿಕೆಯನ್ನು 6ರಿಂದ 15 ವಯಸ್ಸಿನ ಮಕ್ಕಳ ಮೇಲೆ ಪರೀಕ್ಷಿಸಲಾಯಿತು. ಒಟ್ಟು 4,464 ಮಕ್ಕಳು; ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದರ್ಧಕ್ಕೆ ಲಸಿಕೆಯಿಲ್ಲದ ದ್ರವ. 2015ರಲ್ಲಿ ಪ್ರಕಟವಾದ ವರದಿಯಂತೆ ಮೊದಲ ವರ್ಷ ಸೋಂಕು ತಗುಲಿದ್ದು ಲಸಿಕೆ ಪಡೆದವರಲ್ಲಿ 14 ಮಕ್ಕಳಿಗೆ, ಪಡೆಯದವರಲ್ಲಿ 50 ಮಕ್ಕಳಿಗೆ. ಅಂದರೆ ರಕ್ಷಣೆ ಸುಮಾರು ಶೇ 72. ಮಕ್ಕಳ ರಕ್ತದಲ್ಲಿ, ಜೊಲ್ಲಿನಲ್ಲಿ ಪ್ರತಿಕಾಯಗಳೂ ಏರಿದ್ದವು. ಅವನ್ನು ಕಾಪಾಡಿದ್ದು ಈ ಪ್ರತಿಕಾಯಗಳೋ, ಇಲಿಗಳಲ್ಲಿ ಕಂಡಂತೆ ಟಿ ಕೋಶಗಳೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ಎರಡನೆಯ ವರ್ಷಕ್ಕೆ ರಕ್ಷಣೆ ಶೇ 55ಕ್ಕೆ ಇಳಿಯಿತು. ಆ ಲಸಿಕೆ ಇನ್ನೂ ಮಕ್ಕಳ ಲಸಿಕೆಯ ಪಟ್ಟಿಗೆ ಸೇರಿಲ್ಲ.