ಟ್ಯಾಂಕಿಗೂ ಉಸಿರು ಬೇಕು

ಮಾವನ ಹಳೆಯ ಡೀಸೆಲ್ ಪಿಕಪ್ ನಂಜನಗೂಡಿನಿಂದ ಬಾಳೆಗೊನೆ ಹೇರಿಕೊಂಡು ಹೊರಟರೆ ತಿ. ನರಸೀಪುರ ಮುಟ್ಟುವ ಮೊದಲು ಎಲ್ಲಾದರೂ ನಿಂತುಬಿಡುತ್ತಿತ್ತು. (ರಸಬಾಳೆಯಲ್ಲ, ಅದೀಗ ಅಪರೂಪ, ಏಲಕ್ಕಿ ಬಾಳೆ.) ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಗ್ಯಾರೇಜಿನವರು ಪಂಪೇ ಹೋಗಿದೆ ಅಂದರು. ಹೊಸದು ಹಾಕಿಸಿದರೆ ತಿಂಗಳ ಬಾಡಿಗೆಯೆಲ್ಲ ಅದಕ್ಕೇ ಸರಿ.

ಸುತ್ತೂರಿನ ಹತ್ತಿರ ಮತ್ತೆ ನಿಂತಾಗ ಮಾವ, “ಲೇ, ಟ್ಯಾಂಕಿನ ಮುಚ್ಚಳ ತಿರುಗ್ಸು” ಅಂದರು. ತಿರುಗಿಸಿದೆ. ಸುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಡೀಸೆಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತು ಧೂಳಿನಿಂದ ಕಟ್ಟಿಕೊಂಡರೆ ಒಳಗೆ ನಿರ್ವಾತ; ಪಂಪು ಎಷ್ಟು ಎಳೆದರೂ ಡೀಸೆಲ್ ಬಾರದು. ಗಾಡಿ ನಿಂತಿದ್ದಾಗ ಗಾಳಿ ಹೇಗೋ ನುಸುಳುತ್ತದೆ, ಅದಕ್ಕೇ ಆ ಹತ್ತು ನಿಮಿಷ. ಪಿನ್ನಿನಿಂದ ತೂತು ಬಿಡಿಸಿದೆವು.

ಆದರೂ ಲೋಡಿದ್ದಾಗ ಎಳೆತ ಕಡಿಮೆಯೇ. ಮನೆಗೆ ಬಂದು ಮಾವ ಪಂಪಿಗೆ ಬರುವ ಪೈಪನ್ನೂ ವಾಪಸಾಗುವ ಪೈಪನ್ನೂ ಟ್ಯಾಂಕಿನಿಂದ ಬಿಚ್ಚಿ ಡೀಸೆಲ್ ಕ್ಯಾನಿಗೆ ಇಳಿಸಿ, ಗಾಳಿ ತೆಗೆದು ಸ್ಟಾರ್ಟ್ ಮಾಡಿದರು. ಎಂಜಿನ್ ಒಂದೇ ಸಮನೆ ಓಡಿತು. ಅಂದರೆ ಪಂಪು ನಿರಪರಾಧಿ. ಟ್ಯಾಂಕ್ ಇಳಿಸಿ ಬಗ್ಗಿಸಿದರೆ ತುಕ್ಕಿನ ಚಕ್ಕೆ, ಕೆಸರು. ತಳದ ಜಾಲರಿ ಅರ್ಧ ಮುಚ್ಚಿತ್ತು. ತೊಳೆದು ಒಣಗಿಸಿ, ಹೊಸ ಫಿಲ್ಟರ್ ಹಾಕಿದೆವು.

ಪಂಪು ಈಗಲೂ ಅದೇ.