ಜ್ವರ ಇಲ್ಲ ಅಂದ್ರೆ ಸೋಂಕಿಲ್ಲ ಅಂತಲ್ಲ

ಲಿವರ್ ಕೆಟ್ಟಿದೆ ಅಂದ ತಕ್ಷಣ ನಮ್ಮ ಜನಕ್ಕೆ ನೆನಪಾಗೋದು ಬಾಟಲಿ. ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಒಂದು ಬಿಯರ್ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ವರ್ಷಗಟ್ಟಲೆ ಫ್ಯಾಟಿ ಲಿವರ್, ಕೊನೆಗೆ ಸಿರೋಸಿಸ್. ‘ಗುಟ್ಟಾಗಿ ಕುಡೀತಿದ್ರಾ?’ ಅನ್ನೋರಿಗೆ ಉತ್ತರ ಕೊಟ್ಟೂ ಕೊಟ್ಟೂ ದೊಡ್ಡಮ್ಮ ಸೋತಿದ್ದರು.

ಸಿರೋಸಿಸ್ ಅಂದ್ರೆ ಲಿವರ್ ತುಂಬಾ ಗಾಯದ ಕಲೆ. ಅದು ರೋಗನಿರೋಧಕ ಶಕ್ತಿಯನ್ನೂ ಕೆಡಿಸುತ್ತೆ ಅಂತ ನಮಗೆ ಗೊತ್ತಾಗಿದ್ದು ಹೋದ ವರ್ಷ. ದೊಡ್ಡಪ್ಪನ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. ಒಂದು ಬೆಳಗ್ಗೆ, ತಮ್ಮದೇ ಮನೆಯಲ್ಲಿ ಬಚ್ಚಲು ಎಲ್ಲಿದೆ ಅಂತ ಕೇಳಿದರು. ಜ್ವರ ಇರಲಿಲ್ಲ. ಬಿಳಿ ರಕ್ತಕಣಗಳ ಎಣಿಕೆಯೂ ನಾರ್ಮಲ್. ಆದರೂ ಡಾಕ್ಟರು ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದು ಲ್ಯಾಬಿಗೆ ಕಳಿಸಿದರು. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಕಣಗಳು 250 ದಾಟಿದರೆ ಸೋಂಕು ಅಂತ ಲೆಕ್ಕ. ದಾಟಿತ್ತು. ಆಗಲೇ ಆಂಟಿಬಯೋಟಿಕ್ ಶುರು ಮಾಡಿದರು.

“ಜ್ವರಾನೇ ಇಲ್ವಲ್ಲ ಡಾಕ್ಟ್ರೇ?” ಅಂದರು ದೊಡ್ಡಮ್ಮ.

“ಕಾವಲಿನವರು ಸುಸ್ತಾಗಿದ್ದಾರೆ ಅಮ್ಮ, ಕೂಗು ಹಾಕೋಕೂ ಆಗ್ತಿಲ್ಲ.”

ಆ ಮಾತು ಹಿಡಿದು ಓದ್ತಾ ಹೋದೆ. ಕರುಳಿನಿಂದ ಬರೋ ರಕ್ತ ಮೊದಲು ಹೋಗೋದು ಲಿವರಿಗೆ. ಅಲ್ಲಿ ಕುಪ್ಫರ್ ಕೋಶಗಳು ಕೂತು, ನುಸುಳಿ ಬಂದ ಬ್ಯಾಕ್ಟೀರಿಯಾಗಳನ್ನು ನುಂಗಿ ಹಾಕ್ತವೆ. ಲಿವರ್ ಕಲೆಗಟ್ಟಿದರೆ ಒಂದಷ್ಟು ರಕ್ತ ಅಡ್ಡದಾರಿ ಹಿಡಿದು ಈ ಚೆಕ್‌ಪೋಸ್ಟನ್ನೇ ತಪ್ಪಿಸಿಕೊಂಡು ಹೋಗುತ್ತೆ. ಜತೆಗೆ ಕರುಳಿನ ಗೋಡೆಯೂ ಸೋರೋಕೆ ಶುರುವಾಗುತ್ತೆ. ಬ್ಯಾಕ್ಟೀರಿಯಾಗೆ ಗುರುತು ಹಚ್ಚಿ ಹಿಡಿದುಕೊಡೋ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಬಹುಪಾಲು ತಯಾರಿಸೋದೂ ಲಿವರೇ; ಆ ಸರಬರಾಜೂ ಕಮ್ಮಿಯಾಗುತ್ತೆ. ಊದಿಕೊಂಡ ಸ್ಪ್ಲೀನ್ ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳೋದರಿಂದ ಎಣಿಕೆ ಮೊದಲೇ ಕೆಳಗಿರುತ್ತೆ. ಸೋಂಕು ಬಂದು ಏರಿದರೂ ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಕಾಣಬಹುದು.

ವಿಚಿತ್ರ ಅಂದ್ರೆ, ಈ ಕೋಶಗಳು ಮಲಗಿರೋದಿಲ್ಲ. ದಿನವೂ ಸೋರಿ ಬರೋ ಬ್ಯಾಕ್ಟೀರಿಯಾ ಚೂರುಗಳಿಂದ ಸದಾ ಕೆರಳಿರುತ್ತವೆ, ವಾರವಿಡೀ ಆನ್-ಕಾಲ್ ಇರೋ ನಮ್ಮ ಹಾಗೆ. ನಿಜವಾದ ಶತ್ರು ಬಂದಾಗ ನ್ಯೂಟ್ರೋಫಿಲ್‌ಗಳಿಗೆ ನುಂಗಿ ಕೊಲ್ಲೋ ತ್ರಾಣ ಉಳಿದಿರಲ್ಲ.

ದೊಡ್ಡಪ್ಪ ಆ ಸಲ ಮನೆಗೆ ಬಂದರು. ಡಾಕ್ಟರು ಹೇಳಿದ ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಲಸಿಕೆಗಳನ್ನು ಹಾಕಿಸಿದ್ದಾಯ್ತು. ನೋಡೋಕೆ ಬರೋರಿಗೆ ದೊಡ್ಡಮ್ಮನ ಷರತ್ತು ಒಂದೇ: ನೆಗಡಿ ಇದ್ರೆ ಬಾಗಿಲಲ್ಲೇ ನಿಂತು ಮಾತಾಡಿ.

ನಿಮ್ಮ ಮನೆಯಲ್ಲೂ ಸಿರೋಸಿಸ್ ಇರೋರಿದ್ರೆ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಮಾತು ತಡವರಿಸಿದರೆ, ಮಂಕು ಕವಿದರೆ, ಹೊಟ್ಟೆ ನೋವು ಬಂದರೆ, ಮೂತ್ರ ಕಮ್ಮಿಯಾದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಹೊರಡಿ.