ತಳದ ಮೀನಿಗೂ ಊಟ ಬೇಕು

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಆರು ಕೋರಿಡೋರಸ್ ಮೀನುಗಳಿವೆ. ನಾವು ಕೊಂಡ ಅಂಗಡಿಯಲ್ಲಿ ಅವುಗಳಿಗಿದ್ದ ಹೆಸರು 'ಕ್ಲೀನರ್'. ಮನೆಗೆ ಬಂದ ಶಾಲೆಯ ಮಕ್ಕಳು ಮೀಸೆ ನೋಡಿದ್ದೇ "ಮುಗುಡಿನ ಮರಿ!" ಎಂದರು. ಸಂಬಂಧ ಸರಿಯೇ. ಗದ್ದೆಯ ಮುಗುಡೂ ಇದೂ ಮೀಸೆ ಮೀನಿನ ಬಳಗದವು. ಆದರೆ ಇದರ ತವರು ದಕ್ಷಿಣ ಅಮೆರಿಕ, ಬೆಳೆದರೂ ಎರಡೂವರೆ ಇಂಚು. ಮೈಯ ಎರಡೂ ಬದಿಗೆ ಹುರುಪೆಯ ಬದಲು ಎಲುಬಿನ ಫಲಕಗಳು.

ನಮಗೆ ತಕರಾರಿರುವುದು ಆ 'ಕ್ಲೀನರ್' ಎಂಬ ಮಾತಿನ ಮೇಲೆ. ಮೇಲಿನ ಮೀನುಗಳು ಬಿಟ್ಟದ್ದನ್ನು ತಿಂದುಕೊಂಡು ಇರುತ್ತದೆ ಎಂದು ಅದಕ್ಕೆ ಬೇರೆ ಊಟವನ್ನೇ ಹಾಕದ ಮನೆಗಳಿವೆ. ಬೇರೆ ಮೀನಿನ ಹಿಕ್ಕೆ ತಿಂದು ಬದುಕುತ್ತದಂತೆ! ಯಾವ ಮೀನು ಮಾರಾಯ್ರೆ ಹಾಗೆ ಬದುಕುವುದು? ಹೊಟ್ಟೆ ಒಳಗೆ ಹೋಗಿ ಸಾಯುತ್ತದೆ, ಅಷ್ಟೆ. ನಾವು ರಾತ್ರಿ ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕುತ್ತೇವೆ. ಮೇಲಿನವು ಸುಮ್ಮನಾದ ಹೊತ್ತಿನಲ್ಲಿ ಇವು ಆರೂ ಒಟ್ಟಾಗಿ ಹೊಯ್ಗೆ ಕೆದಕುತ್ತಾ ಬರುವುದನ್ನು ನೋಡಬೇಕು. ಒಂಟಿಯಾಗಿ ಸಾಕಿದರೆ ಈ ಚಂದ ಇಲ್ಲ, ಮೂಲೆ ಹಿಡಿದು ಕೂತುಬಿಡುತ್ತದೆ.

ಹೊಯ್ಗೆ ಎಂದೆವಲ್ಲ, ಅದು ನುಣುಪಾಗಿರಬೇಕು. ಚೂಪು ಜಲ್ಲಿ ಹಾಕಿದರೆ ಮೀಸೆ ಸವೆಯುತ್ತದೆ, ಮೀಸೆ ಹೋದರೆ ಊಟ ಹುಡುಕುವುದು ಹೇಗೆ? ಕಡಲು ಹತ್ತಿರ ಎಂದು ಅಲ್ಲಿಯ ಹೊಯ್ಗೆ ತರಬೇಡಿ. ಅದರಲ್ಲಿ ಉಪ್ಪು, ಕಪ್ಪೆಚಿಪ್ಪಿನ ಸುಣ್ಣ. ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಮುರಕಲ್ಲಿನ ನೆಲದ ಬಾವಿ ನೀರು ಮೆದು, ಕ್ಲೋರಿನ್ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು.

ಆಗಾಗ ಒಂದು ಮೀನು ಬಾಣದ ಹಾಗೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತದೆ. ಮಕ್ಕಳು ಹೆದರಿದ್ದರು. ಅದು ಕರುಳಿನಿಂದಲೂ ಉಸಿರಾಡುತ್ತದೆ ಎಂದಾಗ ಏಳನೆಯ ತರಗತಿಯವರು ಕಿವಿರಿನ ಪಾಠವನ್ನೇ ಮತ್ತೆ ತೆರೆಸಿದರು! ಪದೇ ಪದೇ ಹೋಗತೊಡಗಿದರೆ ಮಾತ್ರ ನೀರು ಕೆಟ್ಟಿದೆ ಎಂದು ತಿಳಿಯಬೇಕು.

ಇದೇ 'ಕ್ಲೀನರ್' ಹೆಸರಿನಲ್ಲಿ ಸಕರ್ ಮೀನನ್ನೂ ಮಾರುತ್ತಾರೆ. ಅದರ ಕತೆ ಬೇರೆ. ಬೆರಳುದ್ದ ತಂದದ್ದು ಒಂದು, ಒಂದೂವರೆ ಅಡಿಗೆ ಬೆಳೆಯುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹೀಗೇ ಆಗಿ, "ಚಂದ್ರಗಿರಿ ಹೊಳೆಗೆ ಬಿಡಲಾ?" ಎಂದು ಕೇಳಲು ಬಂದ. ಕೊಲ್ಲಲು ಮನಸ್ಸಿಲ್ಲದ ಹುಡುಗ, ಅವನ ದೃಷ್ಟಿಯಲ್ಲಿ ಅದು ಬಿಡುಗಡೆ. ಆದರೆ ಕೇರಳದ ನೀರುಗಳಲ್ಲಿ ಹೀಗೆ ಬಿಟ್ಟ ಸಕರ್ ಈಗಾಗಲೇ ಮರಿ ಮಾಡಿ ನೆಲೆ ಕಂಡಿದೆ. ದಡದಲ್ಲಿ ಬಿಲ ತೋಡುತ್ತದೆ, ಊರ ಮೀನಿನ ಮೇವು ಕಸಿಯುತ್ತದೆ, ಮೈ ಗಟ್ಟಿಯಾದ್ದರಿಂದ ಅದನ್ನು ನುಂಗುವವರೂ ಕಡಿಮೆ.

ಬೇಡ ಎಂದೆವು. ಹುಡುಗನ ಮುಖ ಸಣ್ಣದಾಯಿತು. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಈಗ ಅದು ಅವರ ಅಡಿಕೆ ತೋಟದ ಸಿಮೆಂಟು ಟ್ಯಾಂಕಿಯಲ್ಲಿದೆ. ಮಳೆಗಾಲದಲ್ಲಿ ನೀರು ತುಂಬಿ ಹರಿದರೂ ಮೀನು ತೋಡಿಗೆ ಜಾರದ ಹಾಗೆ ಕಳೆದ ಭಾನುವಾರ ಹೋಗಿ ಮೇಲೆ ಬಲೆ ಕಟ್ಟಿ ಬಂದೆವು.